365 ನ್ಯಾನೊಮೀಟರ್ ಟಾರ್ಚ್: ಪಳೆಯುಳಿಕೆಗಳ ಅಧ್ಯಯನಕ್ಕೆ ಎಷ್ಟು ಉಪಯುಕ್ತ?

ಪಳೆಯುಳಿಕೆಗಳನ್ನು ನೇರಳಾತೀತ ಬೆಳಕಿನಲ್ಲಿ ಪರೀಕ್ಷಿಸುವ ಕ್ರಮ ಯುರೋಪಿನ ಪ್ರಯೋಗಾಲಯಗಳಲ್ಲಿ 1920ರ ದಶಕದಷ್ಟು ಹಳೆಯದು. ಆಗ ಅದಕ್ಕೆ ಪಾದರಸದ ಆವಿಯಿಂದ ಉರಿಯುವ ದೀಪ, ಅದಕ್ಕೆ ತಕ್ಕ ವಿದ್ಯುತ್ ಸಲಕರಣೆ, ಜೊತೆಗೆ ಪೂರ್ತಿ ಕತ್ತಲಾದ ಕೋಣೆ ಎಲ್ಲವೂ ಬೇಕಾಗಿದ್ದವು. ಇಂದು ಆ ಕೆಲಸದ ಬಹುಭಾಗವನ್ನು ಅಂಗೈಯಲ್ಲಿ ಹಿಡಿಯಬಹುದಾದ ಎಲ್‌ಇಡಿ ಟಾರ್ಚ್ ಒಂದು ಮಾಡುತ್ತದೆ. ಪದವಿ ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಪಾಠ ಮಾಡುತ್ತ, ಅಲ್ಲಿನ ಸಣ್ಣ ಸಂಗ್ರಹವನ್ನು ನೋಡಿಕೊಳ್ಳುವ ನನಗೆ ಇಂಥ ಟಾರ್ಚ್ ನಿತ್ಯದ ಉಪಕರಣವಾಗಿದೆ. ಅದರ ಗುಣದೋಷಗಳನ್ನು, ಅದನ್ನು ಕೊಳ್ಳಬೇಕೆಂದಿರುವ ಅಧ್ಯಾಪಕರು, ವಿದ್ಯಾರ್ಥಿಗಳು ಮತ್ತು ಹವ್ಯಾಸಿ ಸಂಗ್ರಾಹಕರ ಅನುಕೂಲಕ್ಕಾಗಿ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಒಂದೇ ಬಗೆಯ ಟಾರ್ಚ್ ಆನ್‌ಲೈನ್ ಮಳಿಗೆಗಳಲ್ಲಿ ಹತ್ತಾರು ಹೆಸರುಗಳಲ್ಲಿ ಸಿಗುವುದರಿಂದ ಯಾವ ಕಂಪನಿಯ ಹೆಸರನ್ನೂ ಹೇಳುವುದಿಲ್ಲ. ಕೊಳ್ಳುವಾಗ ಹೆಸರಿಗಿಂತ ಲಕ್ಷಣಗಳನ್ನು ನೋಡುವುದೇ ಮುಖ್ಯ.

ಲಕ್ಷಣಗಳು ಇವು. ಅಲ್ಯೂಮಿನಿಯಂ ಕೊಳವೆಯ ದೇಹ, ಒಂದೇ ಎಲ್‌ಇಡಿ, ಚಾರ್ಜ್ ಮಾಡಿ ಮತ್ತೆ ಬಳಸಬಹುದಾದ 18650 ಮಾದರಿಯ ಒಂದು ಲಿಥಿಯಂ ಬ್ಯಾಟರಿ, ಮತ್ತು ಮುಂಭಾಗದಲ್ಲಿ ಕಪ್ಪಾಗಿ ಕಾಣುವ ಒಂದು ಶೋಧಕ ಗಾಜು. ಈ ಗಾಜನ್ನು ಮಾರುಕಟ್ಟೆಯಲ್ಲಿ ‘ಝಡ್‌ಡಬ್ಲ್ಯುಬಿ2’ ಎಂಬ ಗುರುತಿನಿಂದ ಮಾರುತ್ತಾರೆ. ಎಲ್‌ಇಡಿಯಿಂದ ಹೊರಡುವ ಕಣ್ಣಿಗೆ ಕಾಣುವ ನೀಲಿ-ನೇರಳೆ ಬೆಳಕನ್ನು ತಡೆದು, ಕಾಣದ, 365 ನ್ಯಾನೊಮೀಟರ್ ಆಸುಪಾಸಿನ ತರಂಗಾಂತರದ ನೇರಳಾತೀತ ಕಿರಣವನ್ನಷ್ಟೇ ಹೊರಗೆ ಬಿಡುವುದು ಇದರ ಕೆಲಸ. ನನ್ನ ಅಭಿಪ್ರಾಯದಲ್ಲಿ ಇಡೀ ಉಪಕರಣದ ಬೆಲೆ ನಿಜವಾಗಿ ಇರುವುದು ಈ ಗಾಜಿನಲ್ಲಿಯೇ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವ ವ್ಯಾಟ್ ಸಂಖ್ಯೆಯಿಂದ ಪಳೆಯುಳಿಕೆಯ ಪರೀಕ್ಷೆಗೆ ಆಗುವ ಲಾಭ ಅದಕ್ಕೆ ಹೋಲಿಸಿದರೆ ಕಡಿಮೆ.

ಇದಕ್ಕೆ ಕಾರಣ ತಿಳಿಯಬೇಕಾದರೆ ಪ್ರತಿದೀಪ್ತಿಯ (ಇಂಗ್ಲಿಷಿನಲ್ಲಿ ಫ್ಲೋರೆಸೆನ್ಸ್) ಸ್ವರೂಪವನ್ನು ಸ್ವಲ್ಪ ನೋಡಬೇಕು. ಕೆಲವು ವಸ್ತುಗಳು ಒಂದು ತರಂಗಾಂತರದ ಬೆಳಕನ್ನು ಹೀರಿಕೊಂಡು, ಅದಕ್ಕಿಂತ ಉದ್ದವಾದ ತರಂಗಾಂತರದ ಬೆಳಕನ್ನು ಹೊರಸೂಸುತ್ತವೆ. ಇದನ್ನು 1852ರಲ್ಲಿ ವಿವರಿಸಿದ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಅವರು ಫ್ಲೋರೈಟ್ ಖನಿಜದ ಹೆಸರನ್ನೇ ಆ ವಿದ್ಯಮಾನಕ್ಕೆ ಇಟ್ಟರು. ಮೂಳೆಯ ಖನಿಜವಾದ ಅಪಟೈಟ್, ಮಣ್ಣಿನಡಿ ಹೂತುಹೋದ ಮೇಲೆ ಸುತ್ತಲಿನ ನೀರಿನಿಂದ ಫ್ಲೋರಿನ್ ಜೊತೆಗೆ ವಿರಳ ಭೂಧಾತುಗಳನ್ನೂ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಈ ಧಾತುಗಳಲ್ಲಿ ಕೆಲವು ನೇರಳಾತೀತ ಬೆಳಕಿಗೆ ಸ್ಪಂದಿಸಿ ಮಿನುಗುತ್ತವೆ. ಸುಣ್ಣದ ಖನಿಜವಾದ ಕ್ಯಾಲ್ಸೈಟ್‌ನಲ್ಲಿ ಅಲ್ಪ ಪ್ರಮಾಣದ ಮ್ಯಾಂಗನೀಸ್ ಅದೇ ಪಾತ್ರ ವಹಿಸುತ್ತದೆ. ಕಬ್ಬಿಣ ಮಾತ್ರ ಇದಕ್ಕೆ ವಿರುದ್ಧ: ಅದು ಹೆಚ್ಚಿದ್ದಲ್ಲಿ ಹೊಳಪು ಆರಿಹೋಗುತ್ತದೆ. ಹೀಗಾಗಿ ಹಗಲಿನಲ್ಲಿ ಒಂದೇ ಕಂದು ಬಣ್ಣವಾಗಿ ಕಾಣುವ ಮೂಳೆ ಮತ್ತು ಅದನ್ನು ಹೊತ್ತ ಕಲ್ಲು, ನೇರಳಾತೀತ ಬೆಳಕಿನಲ್ಲಿ ಬೇರೆ ಬೇರೆಯಾಗಿ ತೋರುವ ಸಾಧ್ಯತೆ ಇರುತ್ತದೆ. ಆದರೆ ಈ ಹೊಳಪು ಬಹಳ ಮಂದ. ಟಾರ್ಚಿನಿಂದ ಸೋರುವ ನೇರಳೆ ಬೆಳಕು ಕಲ್ಲಿನ ಮೇಲೆ ಬಿದ್ದು ಪ್ರತಿಫಲಿಸಿದರೆ ಅದು ಸಂಪೂರ್ಣವಾಗಿ ಮುಚ್ಚಿಹೋಗುತ್ತದೆ.

ಅಗ್ಗದ ಟಾರ್ಚುಗಳಲ್ಲಿ ಆಗುವುದು ಇದೇ. ನೋಟು ಪರೀಕ್ಷಿಸಲೆಂದು ಮಾರುವ, ಸಾಲುಸಾಲು ಪುಟ್ಟ ಎಲ್‌ಇಡಿಗಳಿರುವ ಟಾರ್ಚುಗಳು ಸಾಮಾನ್ಯವಾಗಿ 395 ನ್ಯಾನೊಮೀಟರಿನವು. ಅವು ಹೊತ್ತಿಕೊಂಡೊಡನೆ ಮೇಜು, ಕೈ, ಗೋಡೆ ಎಲ್ಲವೂ ನೇರಳೆಯಾಗಿ ತೋಯುತ್ತವೆ. ಅವುಗಳ ಬೆಳಕಿನಲ್ಲಿ ಅಂಟು ಮತ್ತು ಕಾಗದ ಹೊಳೆಯುವುದು ಕಂಡರೂ, ಮೂಳೆಯ ಅಂಚು ಕಾಣುವುದು ದುರ್ಲಭ. ಮಾರಾಟಗಾರರು 365 ಎಂದು ನಮೂದಿಸಿ 395 ಕಳುಹಿಸುವುದೂ ಉಂಟಾದ್ದರಿಂದ, ಪೆಟ್ಟಿಗೆ ಬಿಚ್ಚಿದ ಕೂಡಲೇ ಒಂದು ಸರಳ ಪರೀಕ್ಷೆ ಮಾಡುವುದು ಒಳ್ಳೆಯದು. ಕತ್ತಲೆಯಲ್ಲಿ ತೊಳೆದು ಒರೆಸಿದ ಸ್ಟೀಲ್ ಚಮಚದ ಮೇಲೆ ಬೆಳಕು ಬಿಡಬೇಕು. ಸ್ಟೀಲ್ ತಾನಾಗಿ ಹೊಳೆಯುವುದಿಲ್ಲವಾದ್ದರಿಂದ, ಅಲ್ಲಿ ಕಾಣುವ ಬೆಳಕೆಲ್ಲ ಟಾರ್ಚಿನಿಂದ ಸೋರಿದ್ದೇ. ಶೋಧಕ ಗಾಜು ಸರಿಯಾಗಿದ್ದರೆ ಚಮಚ ಹೆಚ್ಚುಕಡಿಮೆ ಕಪ್ಪಾಗಿಯೇ ಉಳಿಯುತ್ತದೆ.

ಟಾರ್ಚಿನ ನಿಜವಾದ ಪ್ರಯೋಜನ ನನಗೆ ಸ್ಪಷ್ಟವಾಗಿ ಕಂಡದ್ದು ಮೊರಾಕ್ಕೊದಿಂದ ಬಂದ, ಕಲ್ಲಿನಲ್ಲಿ ಕುಳಿತಂತೆ ಮಾರಲಾಗುವ ಮೊಸಸಾರಸ್ ಹಲ್ಲೊಂದರ ಮೇಲೆ. ಮೊರಾಕ್ಕೊದ ಖೌರಿಬ್ಗಾ ಸುತ್ತಲಿನ ಫಾಸ್ಫೇಟ್ ಗಣಿಗಳಿಂದ ಕ್ರಿಟೇಷಿಯಸ್ ಯುಗಾಂತ್ಯದ ಈ ಸಮುದ್ರ ಸರೀಸೃಪಗಳ ಹಲ್ಲುಗಳು ಹೇರಳವಾಗಿ ದೊರೆಯುತ್ತವೆ. ಬಿಡಿ ಹಲ್ಲಿಗಿಂತ ದವಡೆಯಲ್ಲಿ ಕುಳಿತ ಹಲ್ಲಿಗೆ ಬೆಲೆ ಹೆಚ್ಚಾದ್ದರಿಂದ, ಬಿಡಿ ಹಲ್ಲನ್ನು ಮೂಳೆಯ ಚೂರಿಗೆ ಅಂಟಿಸಿ, ಮರಳು ಮತ್ತು ಗೋಂದಿನ ಮಿಶ್ರಣವನ್ನು ಸುತ್ತ ಮೆತ್ತಿ ‘ಕಲ್ಲು’ ಮಾಡುವ ಪರಿಪಾಠ ಅಲ್ಲಿನ ವ್ಯಾಪಾರದಲ್ಲಿ ಬಹಳ ಸಾಮಾನ್ಯ. ಕೊಠಡಿಯ ದೀಪದಲ್ಲಿ ನಮ್ಮ ಮಾದರಿ ಅಖಂಡವಾಗಿಯೇ ಕಾಣುತ್ತಿತ್ತು. ಟಾರ್ಚಿನ ಕೆಳಗೆ ಹಿಡಿದಾಗ ಹಲ್ಲಿನ ಮೇಲ್ಪದರ ನಸುಹಳದಿಯಾಗಿ, ಉದ್ದುದ್ದ ಸೀಳುಗಳು ಕಪ್ಪು ಗೆರೆಗಳಾಗಿ ಕಂಡವು. ಹಲ್ಲಿನ ಬುಡದ ಸುತ್ತ ಮಾತ್ರ, ಉಗುರಿನ ಅಂಚಿನಷ್ಟು ಅಗಲದ ಒಂದು ಬಳೆ ಹಾಲು ಬೆರೆತ ನೀಲಿ ಬಣ್ಣದಲ್ಲಿ ಹೊಳೆಯುತ್ತಿತ್ತು. ಆ ನೀಲಿ ಎಡಬದಿಯಲ್ಲಿ ಒಂದು ಹನಿಯಾಗಿ ಇಳಿದು, ಮರಳಿನ ಕಣಗಳ ನಡುವೆ ಜಾಲದಂತೆ ಹರಡಿತ್ತು. ನಿಜವಾದ ಕಲ್ಲಿನಲ್ಲಿ ಕಣಗಳನ್ನು ಹಿಡಿದಿಡುವ ಖನಿಜ ಹಾಗೆ ಹನಿಯಾಗಿ ಇಳಿಯುವುದಿಲ್ಲ, ಅದು ಅಂಟಿನ ಕೆಲಸ. ಹಲ್ಲು ಅಸಲಿ, ಮೂಳೆಯೂ ಅಸಲಿ, ಅವೆರಡರ ಸಂಬಂಧ ಮಾತ್ರ ಮನುಷ್ಯ ಕಟ್ಟಿದ್ದು ಎಂಬುದನ್ನು ವಿದ್ಯಾರ್ಥಿಗಳಿಗೆ ಇದಕ್ಕಿಂತ ಚೆನ್ನಾಗಿ ತೋರಿಸುವ ಬೇರೆ ಸಾಧನ ನಮ್ಮ ವಿಭಾಗದಲ್ಲಿಲ್ಲ.

ಎಪಾಕ್ಸಿ, ಸೂಪರ್ ಗ್ಲೂ, ಪಳೆಯುಳಿಕೆ ಗಟ್ಟಿಗೊಳಿಸಲು ಲೇಪಿಸುವ ರಾಳಗಳು, ವಾರ್ನಿಷ್ ಇವುಗಳಲ್ಲಿ ಬಹುಪಾಲು ನೀಲಿ, ಬಿಳಿ ಅಥವಾ ಹಸಿರು ಮಿಶ್ರಿತ ಛಾಯೆಯಲ್ಲಿ ಎದ್ದು ಕಾಣುತ್ತವೆ. ಬಣ್ಣ ಬಳಿದು ಸರಿಪಡಿಸಿದ ಜಾಗಗಳಲ್ಲಿ ಹಲವು ಹೊಳಪೇ ಇಲ್ಲದ ಕಪ್ಪು ತೇಪೆಗಳಾಗಿ ಕಾಣುತ್ತವೆ. ಇದು ಹವ್ಯಾಸಿಗಳ ಮಟ್ಟದ ವಿಷಯವಷ್ಟೇ ಅಲ್ಲ. ಇಟಲಿಯ ಆಲ್ಪ್ಸ್ ಪರ್ವತದಲ್ಲಿ 1931ರಲ್ಲಿ ದೊರೆತ, ಸುಮಾರು 28 ಕೋಟಿ ವರ್ಷ ಹಳೆಯದೆಂದು ಗಣಿಸಲಾದ ಟ್ರೈಡೆಂಟಿನೊಸಾರಸ್ ಎಂಬ ಸರೀಸೃಪದ ದೇಹದ ಕಪ್ಪು ಆಕೃತಿಯನ್ನು ದಶಕಗಳ ಕಾಲ ಚರ್ಮದ ಅವಶೇಷವೆಂದೇ ತಿಳಿಯಲಾಗಿತ್ತು. ವಲೆಂಟಿನಾ ರೊಸ್ಸಿ ಮತ್ತು ಸಹೋದ್ಯೋಗಿಗಳು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೇರಳಾತೀತ ಛಾಯಾಚಿತ್ರಗಳು ಇಡೀ ಮಾದರಿಯ ಮೇಲೆ ಲೇಪನವಿರುವುದನ್ನು ಮೊದಲು ತೋರಿಸಿದವು. ಮುಂದಿನ ರಾಸಾಯನಿಕ ವಿಶ್ಲೇಷಣೆಯಲ್ಲಿ ಆ ‘ಚರ್ಮ’ ಕಲ್ಲಿನ ಮೇಲೆ ಬಳಿದ ಕಪ್ಪು ಬಣ್ಣವೆಂಬುದು ಸಿದ್ಧವಾಯಿತು. ಹಿಂಗಾಲಿನ ಮೂಳೆಗಳು ಮತ್ತು ಕೆಲವು ಎಲುಬಿನ ಹುರುಪೆಗಳು ಮಾತ್ರ ಅಸಲಿಯಾಗಿ ಉಳಿದವು. ಇಷ್ಟು ಪ್ರಸಿದ್ಧವಾದ ಮಾದರಿಯ ತನಿಖೆಯ ಮೊದಲ ಹೆಜ್ಜೆ ಇಂಥ ಸರಳ ಬೆಳಕಿನದಾಗಿತ್ತು ಎಂಬುದು, ಸಂಗ್ರಹ ನೋಡಿಕೊಳ್ಳುವವರೆಲ್ಲ ಗಮನಿಸಬೇಕಾದ ಸಂಗತಿ ಎಂದು ನಾನು ಭಾವಿಸುತ್ತೇನೆ.

ನಕಲು ಪತ್ತೆಗಿಂತ ಮಿಗಿಲಾದ ಉಪಯೋಗವೂ ಇದೆ. ಮೂಳೆಯ ಸುತ್ತಲಿನ ಮೃದು ಅಂಗಾಂಶದ ಗುರುತುಗಳು ಬರಿಗಣ್ಣಿಗೆ ಕಾಣದೆ, ನೇರಳಾತೀತ ಬೆಳಕಿನಲ್ಲಿ ಮಾತ್ರ ಕಾಣುವುದುಂಟು. ಚೀನಾದ ನಾಲ್ಕು ರೆಕ್ಕೆಯ ಡೈನೊಸಾರ್ ಮೈಕ್ರೊರಾಪ್ಟರ್‌ನ ಮಾದರಿಯಲ್ಲಿ ಗರಿಗಳಿಗೂ ಮೂಳೆಗಳಿಗೂ ನಡುವೆ ಖಾಲಿ ಅಂತರವಿರುವಂತೆ ತೋರುತ್ತಿತ್ತು. 2010ರಲ್ಲಿ ಡೇವಿಡ್ ಹೋನ್, ಹೆಲ್ಮುಟ್ ಟಿಶ್‌ಲಿಂಗರ್ ಮತ್ತು ಸಂಗಡಿಗರು ಅದನ್ನು ನೇರಳಾತೀತ ಬೆಳಕಿನಲ್ಲಿ ಚಿತ್ರೀಕರಿಸಿ, ಗರಿಗಳು ಆ ಅಂತರದೊಳಗೂ ಮುಂದುವರಿದು ಮೂಳೆಯವರೆಗೆ ತಲುಪುವುದನ್ನು ತೋರಿಸಿದರು. ಅಂದರೆ ಗರಿಗಳು ಆ ಪ್ರಾಣಿಯವೇ, ಅವು ತಮ್ಮ ಸ್ವಸ್ಥಾನದಲ್ಲಿಯೇ ಇವೆ ಎಂಬುದಕ್ಕೆ ಬಲ ಬಂದಿತು. ಷಿಕಾಗೊದ ಫೀಲ್ಡ್ ಮ್ಯೂಸಿಯಂ ಪಡೆದುಕೊಂಡ ಆರ್ಕಿಯಾಪ್ಟೆರಿಕ್ಸ್ ಮಾದರಿಯ ಕಥೆ ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾದದ್ದು. ಅಲ್ಲಿನ ತಜ್ಞರು ಕಲ್ಲು ಕೆತ್ತುವ ಕೆಲಸ ನಡೆಯುತ್ತಿರುವಾಗಲೇ ನೇರಳಾತೀತ ಬೆಳಕು ಹಾಯಿಸಿ, ಎಲ್ಲಿ ಮೃದು ಅಂಗಾಂಶವಿದೆಯೋ ಅಲ್ಲಿ ಉಳಿಯನ್ನು ನಿಲ್ಲಿಸುತ್ತ ಹೋದರು. ಒಂದು ವರ್ಷಕ್ಕೂ ಮೀರಿದ ಆ ತಾಳ್ಮೆಯ ಫಲವಾಗಿ, ರೆಕ್ಕೆಗೂ ದೇಹಕ್ಕೂ ನಡುವಿನ ಸಂದನ್ನು ಮುಚ್ಚುವ ವಿಶೇಷ ಗರಿಗಳು ಆ ಹಕ್ಕಿಗೆ ಇದ್ದುದು 2025ರಲ್ಲಿ ಪ್ರಕಟವಾಯಿತು. ಹಿಂದಿನ ಕಾಲದಲ್ಲಿ ಕೆತ್ತಿದ ಎಷ್ಟು ಮಾದರಿಗಳಲ್ಲಿ ಇಂಥ ಗುರುತುಗಳು ಕಲ್ಲಿನ ಪುಡಿಯೊಡನೆ ಗುಡಿಸಿ ಹೋಗಿರಬಹುದು ಎಂದು ನೆನೆದರೆ ಸಂಕಟವಾಗುತ್ತದೆ.

ಈ ಉದಾಹರಣೆಗಳನ್ನು ಓದಿ ಟಾರ್ಚ್ ಕೊಂಡವರು, ತಮ್ಮ ಊರಿನ ಪಳೆಯುಳಿಕೆಗಳ ಮೇಲೆ ಅದನ್ನು ಬಿಟ್ಟಾಗ ನಿರಾಶರಾಗುವ ಸಂಭವವಿದೆ. ಜರ್ಮನಿಯ ಜೋಲ್ನ್‌ಹೋಫೆನ್‌ನ ಸುಣ್ಣಕಲ್ಲಿನಂಥ ನುಣುಪಾದ, ಕಬ್ಬಿಣ ಕಡಿಮೆಯಿರುವ ಶಿಲೆಯಲ್ಲಿ ಸಿಗುವ ಫಲಿತಾಂಶ ಎಲ್ಲ ಕಡೆಯೂ ಸಿಗುವುದಿಲ್ಲ. ಕರ್ನಾಟಕದ ಬಹುಪಾಲು ನೆಲ ಅತಿ ಪ್ರಾಚೀನ ಶಿಲೆಗಳದ್ದಾದ್ದರಿಂದ, ಪ್ರಾಣಿ ಪಳೆಯುಳಿಕೆ ನೋಡಲು ನಮ್ಮ ಭೂವಿಜ್ಞಾನ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹೋಗುವುದು ತಮಿಳುನಾಡಿನ ಅರಿಯಲೂರು-ತಿರುಚ್ಚಿರಾಪಳ್ಳಿ ಸೀಮೆಗೆ. ಅಲ್ಲಿನ ಕಾರೈ ಹಳ್ಳಿಯ ಕೊರಕಲು ಜೇಡಿಮಣ್ಣಿನಿಂದ ಹಿಂದಿನ ಅಧ್ಯಾಪಕರು ತಂದಿಟ್ಟ ಅಮೊನೈಟ್ ಮತ್ತು ಬೆಲೆಮ್ನೈಟ್‌ಗಳು (ಸ್ಕ್ವಿಡ್‌ನ ಬಳಗಕ್ಕೆ ಸೇರಿದ, ಈಗ ಅಳಿದುಹೋಗಿರುವ ಸಮುದ್ರಜೀವಿಗಳ ಅವಶೇಷಗಳು) ನಮ್ಮ ಬೀರುವಿನಲ್ಲಿವೆ. ಕಬ್ಬಿಣದ ಕೆಂಪು ಹಿಡಿದ ಅಮೊನೈಟ್‌ಗಳು ಟಾರ್ಚಿನ ಕೆಳಗೆ ಇದ್ದಿಲಿನಂತೆ ಕಪ್ಪಾಗಿಯೇ ಇದ್ದವು. ಬೆಲೆಮ್ನೈಟ್‌ನ ಕ್ಯಾಲ್ಸೈಟ್ ದಂಡ ಮುರಿದ ತುದಿಯಲ್ಲಿ ಮಂದವಾದ ಬೆಣ್ಣೆ ಬಣ್ಣ ತೋರಿತು. ಎಲ್ಲಕ್ಕಿಂತ ಪ್ರಖರವಾಗಿ ಹೊಳೆದದ್ದು, ಮಾದರಿಯ ಮೇಲೆ ಸಂಖ್ಯೆ ಬರೆಯಲು ಅಂಟಿಸಿದ ಬಿಳಿ ಕಾಗದದ ತುಣುಕು ಮತ್ತು ಒರೆಸುವ ಬಟ್ಟೆಯಿಂದ ಉದುರಿದ ಹತ್ತಿಯ ಎಳೆಗಳು. ಹೊಸ ಕಾಗದಕ್ಕೂ ಸಾಬೂನಿನ ಪುಡಿಗೂ ಬಿಳುಪು ಹೆಚ್ಚಿಸಲು ಸೇರಿಸುವ ರಾಸಾಯನಿಕವೇ ಇದಕ್ಕೆ ಕಾರಣ. ಆದ್ದರಿಂದ ಪರೀಕ್ಷೆಗೆ ಮುಂಚೆ ಮಾದರಿಯನ್ನು ಮೃದುವಾದ ಕುಂಚದಿಂದ ಸ್ವಚ್ಛಗೊಳಿಸುವುದು, ಕಪ್ಪು ಬಟ್ಟೆಯ ಮೇಲೆ ಇಡುವುದು ಅವಶ್ಯಕ. ಆ ಕಪ್ಪು ಬಟ್ಟೆಯೂ ಹೊಳೆಯುತ್ತದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಹೊಳಪು ಕಾಣದಿದ್ದರೆ ಟಾರ್ಚ್ ಕೆಟ್ಟಿದೆ ಎಂದಾಗಲಿ, ಮಾದರಿ ನಕಲಿ ಎಂದಾಗಲಿ ತೀರ್ಮಾನಿಸಬಾರದು. ಹಾಗೆಯೇ ಹೊಳೆದದ್ದೆಲ್ಲ ಮೂಳೆಯಲ್ಲ: ಕ್ಯಾಲ್ಸೈಟ್ ಎಳೆಗಳು, ಜಿಪ್ಸಂ, ಕಲ್ಲುಹೂವು, ಕೆಲವು ಜಾಗಗಳಲ್ಲಿ ಯುರೇನಿಯಂ ಅಂಶದ ಖನಿಜಗಳೂ ಹೊಳೆಯುತ್ತವೆ. ಟಾರ್ಚ್ ತೋರಿಸುವುದು ಎರಡು ವಸ್ತುಗಳ ನಡುವಿನ ಗಡಿಯನ್ನು. ಆ ವಸ್ತುಗಳು ಯಾವುವು ಎಂಬುದನ್ನು ಭೂತಗನ್ನಡಿ, ಸೂಕ್ಷ್ಮದರ್ಶಕ ಅಥವಾ ರಾಸಾಯನಿಕ ವಿಶ್ಲೇಷಣೆಯಿಂದಲೇ ಹೇಳಬೇಕಾಗುತ್ತದೆ.

ಚಿಪ್ಪುಗಳ ವಿಷಯದಲ್ಲಿ ಇದೇ ಬೆಳಕು ಬೇರೊಂದು ಅಚ್ಚರಿಯನ್ನು ಬಿಚ್ಚಿಡುತ್ತದೆ. ಕೋಟ್ಯಂತರ ಇಲ್ಲವೇ ಲಕ್ಷಾಂತರ ವರ್ಷಗಳಲ್ಲಿ ಬಣ್ಣ ಕಳೆದುಕೊಂಡು ಸುಣ್ಣದಂತೆ ಬಿಳಿಚಿಕೊಂಡ ಚಿಪ್ಪುಗಳಲ್ಲಿ, ವರ್ಣದ್ರವ್ಯದ ಶೇಷವಿದ್ದ ಭಾಗಗಳು ನೇರಳಾತೀತ ಬೆಳಕಿಗೆ ಹೊಳೆಯುತ್ತವೆ. ಜೊನಾಥನ್ ಹೆಂಡ್ರಿಕ್ಸ್ 2015ರಲ್ಲಿ ಡೊಮಿನಿಕನ್ ಗಣರಾಜ್ಯದ ಶಂಕುಬಸವನ ಹುಳುಗಳ ಪಳೆಯುಳಿಕೆಗಳನ್ನು ಹೀಗೆ ಪರೀಕ್ಷಿಸಿ, 28 ಪ್ರಭೇದಗಳ ಚಿತ್ತಾರಗಳನ್ನು ದಾಖಲಿಸಿದರು. ಅವುಗಳಲ್ಲಿ 13 ವಿಜ್ಞಾನಕ್ಕೆ ಹೊಸವು. ಜೀವಂತವಾಗಿದ್ದಾಗ ಗಾಢ ಬಣ್ಣವಿದ್ದ ಜಾಗವೇ ಈಗ ಪ್ರಕಾಶಮಾನವಾಗಿ ಕಾಣುವುದರಿಂದ, ಮೂಲ ಚಿತ್ತಾರ ತಿಳಿಯಲು ಛಾಯಾಚಿತ್ರವನ್ನು ಕಪ್ಪು-ಬಿಳಿ ತಿರುಗಿಸಿ ನೋಡಬೇಕಾಗುತ್ತದೆ. ಚಿಪ್ಪನ್ನು ಮೊದಲು ಬಟ್ಟೆಗೆ ಹಾಕುವಂಥ ಬ್ಲೀಚ್ ದ್ರಾವಣದಲ್ಲಿ ನೆನೆಸಿದರೆ ಹೊಳಪು ಹೆಚ್ಚುತ್ತದೆ. ಆದರೆ ಸಂಗ್ರಹದಲ್ಲಿ ಒಂದೇ ಒಂದು ಇರುವ ಮಾದರಿಯ ಮೇಲೆ ಇದನ್ನು ಯಾರೂ ಪ್ರಯೋಗಿಸಕೂಡದು, ಮತ್ತು ಬ್ಲೀಚನ್ನು ಯಾವ ಆಮ್ಲದ ಹತ್ತಿರವೂ ತರಕೂಡದು. ಅವೆರಡೂ ಸೇರಿದರೆ ಹೊರಡುವುದು ವಿಷಕಾರಿ ಕ್ಲೋರಿನ್ ಅನಿಲ.

ಛಾಯಾಚಿತ್ರಣದಲ್ಲಿ ಈ ಟಾರ್ಚಿನ ಮುಖ್ಯ ಕೊರತೆ ಗೊತ್ತಾಗುತ್ತದೆ. ಬೆಳಕು ನಡುವೆ ತೀವ್ರವಾಗಿ, ಅಂಚಿನಲ್ಲಿ ಕ್ಷೀಣವಾಗಿ ಬೀಳುವುದರಿಂದ ಟಾರ್ಚನ್ನು ಒಂದೆಡೆ ನಿಲ್ಲಿಸಿ ತೆಗೆದ ಚಿತ್ರ ನಂಬಿಕೆಗೆ ಅರ್ಹವಲ್ಲ: ನಡುವಿನ ಮೂಳೆ ಹೊಳೆಯುವಂತೆ, ಅಂಚಿನದು ಹೊಳೆಯದಂತೆ ತೋರುತ್ತದೆ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಭದ್ರವಾಗಿರಿಸಿ, ಹಲವು ಸೆಕೆಂಡುಗಳ ಕಾಲ ತೆರೆದಿಟ್ಟು, ಅಷ್ಟು ಹೊತ್ತೂ ಟಾರ್ಚನ್ನು ಗೋಡೆಗೆ ಸುಣ್ಣ ಬಳಿಯುವಂತೆ ಎಲ್ಲ ಕಡೆಗೂ ಸಮನಾಗಿ ಆಡಿಸಿದರೆ ಈ ದೋಷ ಬಹಳ ಮಟ್ಟಿಗೆ ನಿವಾರಣೆಯಾಗುತ್ತದೆ. ಮಸೂರದ ಮುಂದೆ ನೇರಳಾತೀತ ಮತ್ತು ನೇರಳೆ ಬೆಳಕನ್ನು ತಡೆಯುವ ಹಳದಿ ಶೋಧಕ ಇರಲೇಬೇಕು. ಇಲ್ಲದಿದ್ದರೆ ಚಿತ್ರದ ಮೇಲೆ ನೀಲಿ ಮಬ್ಬು ಕವಿಯುತ್ತದೆ. ಮೊಬೈಲ್ ಫೋನ್ ಬಳಸುವವರು ಬಣ್ಣದ ಸಮತೋಲನವನ್ನು ಸ್ವಯಂಚಾಲಿತವಾಗಿ ಬಿಡದೆ ಒಂದೇ ಕಡೆ ನಿಲ್ಲಿಸಬೇಕು. ಇಲ್ಲವಾದರೆ ಒಂದೇ ಮಾದರಿ ಒಂದು ಚಿತ್ರದಲ್ಲಿ ಹಸಿರಾಗಿ, ಇನ್ನೊಂದರಲ್ಲಿ ಹಳದಿಯಾಗಿ ಬಂದು ಹೋಲಿಕೆಯೇ ಅಸಾಧ್ಯವಾಗುತ್ತದೆ. ಅದೇ ಕೋನದಿಂದ ಸಾಧಾರಣ ಬೆಳಕಿನಲ್ಲೂ ಒಂದು ಚಿತ್ರ ತೆಗೆದು ಜೋಡಿಯಾಗಿ ಇಡುವ ಅಭ್ಯಾಸ ಬಹಳ ಉಪಕಾರಿ.

ಸುರಕ್ಷತೆಯ ಬಗ್ಗೆ ಉದಾಸೀನ ಸಲ್ಲದು. ಕಣ್ಣಿಗೆ ಬೆಳಕು ಕಾಣದಿರುವುದೇ ಇಲ್ಲಿನ ಅಪಾಯ. ಪ್ರಖರತೆ ಗೊತ್ತಾಗದೆ ಮಕ್ಕಳು ಟಾರ್ಚಿನ ಬಾಯಿಯನ್ನು ನೇರವಾಗಿ ನೋಡಿಬಿಡುತ್ತಾರೆ. 400 ನ್ಯಾನೊಮೀಟರ್‌ವರೆಗಿನ ಕಿರಣ ತಡೆಯುವ ಕನ್ನಡಕವನ್ನು ಕೋಣೆಯಲ್ಲಿರುವ ಪ್ರತಿಯೊಬ್ಬರೂ ಧರಿಸಬೇಕು. ಇದರಿಂದ ಇನ್ನೊಂದು ಲಾಭವೂ ಇದೆ: ನಮ್ಮ ಕಣ್ಣಿನ ಮಸೂರವೇ ನೇರಳಾತೀತ ಬೆಳಕಿಗೆ ಸ್ವಲ್ಪ ಹೊಳೆದು ನೋಟವನ್ನು ಮಬ್ಬಾಗಿಸುತ್ತದೆ, ಕನ್ನಡಕ ಹಾಕಿದೊಡನೆ ಆ ಮಬ್ಬು ಇಲ್ಲವಾಗಿ ಮೂಳೆಯ ಅಂಚು ಸ್ಫುಟವಾಗುತ್ತದೆ. ಟಾರ್ಚಿನ ದೇಹ ಕೆಲವೇ ನಿಮಿಷಗಳಲ್ಲಿ ಬಿಸಿಯಾಗುತ್ತದೆ, ಬಿಸಿಯಾದಂತೆ ಬೆಳಕೂ ಇಳಿಯುತ್ತದೆ. ಆದ್ದರಿಂದ ನಡುನಡುವೆ ಆರಿಸಿ ತಣಿಯಲು ಬಿಡಬೇಕು. ರಕ್ಷಣಾ ಸರ್ಕ್ಯೂಟ್ ಇರುವ ಬ್ಯಾಟರಿಯನ್ನೇ ಕೊಳ್ಳಬೇಕು.

ಇದಕ್ಕಿಂತ ಮುಂದಿನ ಮೆಟ್ಟಿಲು ಲೇಸರ್ ಬಳಸುವ ಪ್ರತಿದೀಪ್ತಿ ಚಿತ್ರಣ. ಥಾಮಸ್ ಕೇ, ಮೈಕಲ್ ಪಿಟ್‌ಮನ್ ಮೊದಲಾದವರು 2015ರಲ್ಲಿ ವಿವರಿಸಿದ ಈ ವಿಧಾನದಲ್ಲಿ ಲೇಸರಿನ ತೀವ್ರ ಬೆಳಕು ಮಂದವಾದ ಹೊಳಪನ್ನೂ ಎಬ್ಬಿಸುತ್ತದೆ. 2017ರಲ್ಲಿ ಚೀನಾದ ಆಂಕಿಯಾರ್ನಿಸ್ ಎಂಬ ಗರಿಯುಳ್ಳ ಡೈನೊಸಾರ್‌ನ ತೋಳಿನ ಮುಂಬದಿಯ ಚರ್ಮದ ಪೊರೆ, ಮಾಂಸಲವಾದ ತೊಡೆಯ ಆಕಾರ, ಪಾದದ ಹುರುಪೆಗಳು ಇದರಿಂದಲೇ ಬೆಳಕಿಗೆ ಬಂದವು. ಟಾರ್ಚ್ ಈ ಮಟ್ಟ ಮುಟ್ಟುವುದಿಲ್ಲ, ಮುಟ್ಟಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಆನ್‌ಲೈನಿನಲ್ಲಿ ಸಿಗುವ 405 ನ್ಯಾನೊಮೀಟರ್ ಲೇಸರ್ ತಂದು ಮನೆಯಲ್ಲಿ ಇದನ್ನು ಮಾಡಿ ನೋಡುವ ಉತ್ಸಾಹವನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ನುಣುಪಾದ ಹಲ್ಲಿನ ಮೇಲಿಂದ ಚಿಮ್ಮಿದ ಒಂದೇ ಪ್ರತಿಫಲನ ಕಣ್ಣನ್ನು ಶಾಶ್ವತವಾಗಿ ಕೆಡಿಸಬಲ್ಲದು. ಲೇಸರ್ ಬೇಕಾದ ಮಾದರಿ ನಿಮ್ಮಲ್ಲಿದ್ದರೆ ಸಲಕರಣೆಯೂ ತರಬೇತಿಯೂ ಇರುವ ಪ್ರಯೋಗಾಲಯದೊಡನೆ ಕೈಜೋಡಿಸುವುದೇ ದಾರಿ.

ಕೊಳ್ಳುವವರಿಗೆ ನನ್ನ ಶಿಫಾರಸು ಹೀಗಿದೆ. ಮೂಳೆ, ಹಲ್ಲು, ಚಿಪ್ಪು, ಅಂಬರ್ ಇರುವ ಸಂಗ್ರಹಕ್ಕೆ ಈ ಟಾರ್ಚ್ ಖಂಡಿತ ಬೇಕು. ಅಂಬರ್ ಅಂತೂ ತಿಳಿನೀಲಿಯಾಗಿ ಹೊಳೆಯುವುದರಿಂದ, ಅಂಬರ್ ಹೆಸರಿನಲ್ಲಿ ಮಾರುವ ಪ್ಲಾಸ್ಟಿಕ್ ಮಣಿಗಳ ಬಗ್ಗೆ ಮೊದಲ ಅನುಮಾನ ಹುಟ್ಟಿಸಲು ಇದು ಸಾಕು. ಶಿಲಾರೂಪಿ ಮರ, ಸ್ಟ್ರೊಮಟೊಲೈಟ್ (ಸೂಕ್ಷ್ಮಜೀವಿಗಳು ಕಟ್ಟಿದ ಪದರಗಲ್ಲು), ಕೆಂಪು ಮರಳುಗಲ್ಲಿನ ಅಚ್ಚುಗಳು ಇವಷ್ಟೇ ನಿಮ್ಮಲ್ಲಿದ್ದರೆ ಅದೇ ಹಣಕ್ಕೆ ಒಳ್ಳೆಯ ಹತ್ತು ಪಟ್ಟಿನ ಭೂತಗನ್ನಡಿ ಕೊಳ್ಳುವುದು ಮೇಲು. ಟಾರ್ಚಿನ ಜೊತೆ ಬ್ಯಾಟರಿ, ಚಾರ್ಜರ್ ಮತ್ತು ಕನ್ನಡಕ ಬರುವುದು ಅಪರೂಪವಾದ್ದರಿಂದ, ಅವುಗಳಿಗೂ ಸೇರಿಸಿ ಲೆಕ್ಕ ಹಾಕಬೇಕು. ಎಲ್ಲ ಸೇರಿದರೂ ವೆಚ್ಚ ಕೆಲವು ಸಾವಿರ ರೂಪಾಯಿಗಳಲ್ಲಿ ಮುಗಿಯುತ್ತದೆ. ಹಣ ಸಾಲದಿದ್ದರೆ ಕಡಿಮೆ ವ್ಯಾಟಿನದನ್ನು ಆರಿಸಿ, ಶೋಧಕ ಗಾಜು ಇಲ್ಲದ್ದನ್ನು ಮಾತ್ರ ಆರಿಸಬೇಡಿ. ಕಾಲೇಜುಗಳು ಕೊಳ್ಳುವುದಾದರೆ ಮಾದರಿಗಳ ದಾಖಲೆ ಪುಸ್ತಕದಲ್ಲಿ ನೇರಳಾತೀತ ಪರೀಕ್ಷೆಗೆಂದೇ ಒಂದು ಕಲಂ ಸೇರಿಸಿ, ಹೊಳೆದ ಬಣ್ಣ, ಅಂಟಿನ ಜಾಗ ಮತ್ತು ಚಿತ್ರದ ಸಂಖ್ಯೆಯನ್ನು ಆಗಿಂದಾಗಲೇ ಬರೆದಿಡಬೇಕು. ಮುಂದೆ ಆ ಮಾದರಿಯನ್ನು ಯಾರಾದರೂ ಶುಚಿಗೊಳಿಸಲು ಅಥವಾ ಮತ್ತೆ ಜೋಡಿಸಲು ಕೈಹಾಕುವಾಗ ಅವರಿಗೆ ಮೊದಲು ಬೇಕಾಗುವುದು ಆ ಮಾಹಿತಿಯೇ.